ಡೆಕ್‌ ಸ್ಟೇನ್ ಬಾಳಿಕೆ ಬರಬೇಕಾದರೆ ಏನೇನು ಮಾಡಬೇಕು

ಅಮೆರಿಕ, ಕೆನಡಾದಲ್ಲಿ ಸ್ವಂತ ಮನೆ ಮಾಡಿಕೊಂಡ ನಮ್ಮವರಿಗೆ ಹಿತ್ತಲಿನ ಡೆಕ್ಕೇ, ಅಂದರೆ ಮನೆಗೆ ಸೇರಿಸಿ ಮರದ ಹಲಗೆ ಹಾಸಿ ಕಟ್ಟಿದ ಕಟ್ಟೆಯೇ, ಬೇಸಿಗೆಯ ಜಗಲಿ. ಮೇ ತಿಂಗಳು ಬಂತೆಂದರೆ ಕಾಫಿ, ಊಟ, ಹರಟೆ, ಮಕ್ಕಳ ಆಟ ಎಲ್ಲ ಅಲ್ಲೇ. ಚಳಿಗಾಲವೆಲ್ಲ ಒಳಗಿದ್ದ ತುಳಸಿ ಕುಂಡ ಹೊರಗೆ ಬರುತ್ತದೆ. ಊರಿಂದ ಅಮ್ಮನೋ ಅತ್ತೆಯೋ ಬಂದಿದ್ದರೆ ಸಂಡಿಗೆ, ಹಪ್ಪಳ ಒಣಗುವುದೂ ಅಲ್ಲೇ. ಇಷ್ಟೆಲ್ಲ ಕೆಲಸಕ್ಕೆ ಬರುವ ಆ ಮರ ವರ್ಷಪೂರ್ತಿ ಬಿಸಿಲು, ಮಳೆ, ಹಿಮಕ್ಕೆ ಮೈಯೊಡ್ಡಿಕೊಂಡು ಇರುತ್ತದೆ. ಅದನ್ನು ಕಾಯುತ್ತಿರುವುದು ಸ್ಟೇನ್ ಒಂದೇ, ಅಂದರೆ ಮರವನ್ನು ಕಾಪಾಡಲು ಹಚ್ಚುವ ಬಣ್ಣದ ಲೇಪ.

ಈ ಸ್ಟೇನ್ ವಿಷಯದಲ್ಲಿ ನನ್ನ ಮಾತು ಎರಡೇ. ಅದು ಪೂರ್ತಿ ಹಾಳಾಗುವ ತನಕ ಕಾಯಬೇಡಿ. ಮತ್ತೆ ಹಚ್ಚುವಾಗ ಜಾಸ್ತಿ ಹಚ್ಚಬೇಡಿ. ಚಕ್ಕೆ ಎದ್ದು, ಕಪ್ಪಾಗಿ, ಅಂಟಂಟಾಗಿ ಕೆಟ್ಟ ಡೆಕ್‌ಗಳನ್ನು ನೋಡಿದರೆ ಕಾರಣ ಬಹುತೇಕ ಈ ಎರಡರಲ್ಲಿ ಒಂದೇ ಆಗಿರುತ್ತದೆ.

ಮರಕ್ಕೆ ಆಗುವುದೇನು

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ವಸ್ತು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಈ ಲಿಗ್ನಿನ್ ಅನ್ನು ಒಡೆಯುತ್ತದೆ. ಒಡೆದ ಪುಡಿಯನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಬೂದು ಬಣ್ಣದ ಸಡಿಲ ನಾರು. ಹಳೇ ಡೆಕ್ ಮೇಲೆ ಬೆರಳು ಉಜ್ಜಿದರೆ ತುದಿಗೆ ಮೆತ್ತುವುದು ಅದೇ. ಇದರ ಮೇಲೆ ನೇರವಾಗಿ ಸ್ಟೇನ್ ಹಚ್ಚಿದರೆ ಸ್ಟೇನ್ ಹಿಡಿಯುವುದು ಆ ಸಡಿಲ ನಾರನ್ನು, ಕೆಳಗಿನ ಗಟ್ಟಿ ಮರವನ್ನಲ್ಲ. ಹಾಗಾಗಿ ಬೇಗ ಕಿತ್ತು ಬರುತ್ತದೆ.

ಇನ್ನೊಂದು ಕಡೆಯಿಂದ ನೀರು. ಒದ್ದೆಯಾದಾಗ ಮರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಇದು ನಡೆದರೆ ಸೀಳು ಬಿಡುತ್ತದೆ, ಹಲಗೆ ಸೊಟ್ಟಗಾಗುತ್ತದೆ. ಸ್ಟೇನ್‌ನಲ್ಲಿರುವ ಬಣ್ಣದ ಪುಡಿ ಬಿಸಿಲನ್ನು ತಡೆಯುತ್ತದೆ, ಎಣ್ಣೆ ಅಥವಾ ರೆಸಿನ್ ನೀರನ್ನು ತಡೆಯುತ್ತದೆ. ಬಣ್ಣವೇ ಇಲ್ಲದ ಕ್ಲಿಯರ್ ಸೀಲರ್‌ಗೆ ನೀರು ತಡೆಯುವ ಶಕ್ತಿ ಇದ್ದರೂ ಬಿಸಿಲಿನ ಮುಂದೆ ಅಷ್ಟು ಬಲವಿಲ್ಲ. ಅದನ್ನು ಹೆಚ್ಚುಕಡಿಮೆ ಪ್ರತಿ ವರ್ಷ ಹಚ್ಚಬೇಕಾಗುತ್ತದೆ.

ರೇಲಿಂಗ್‌ಗೆ ಹಚ್ಚಿದ ಸ್ಟೇನ್ ಚೆನ್ನಾಗೇ ಇದ್ದು ನೆಲದ್ದು ಮಾತ್ರ ಹೋಗಿರುವುದನ್ನು ನೀವೂ ನೋಡಿರಬಹುದು. ನೆಲದ ಹಲಗೆ ಮಲಗಿರುತ್ತದೆ. ಬಿಸಿಲು ನೇರ ಬೀಳುತ್ತದೆ, ನೀರು ನಿಲ್ಲುತ್ತದೆ, ಮೇಲೆ ಓಡಾಟ ಬೇರೆ. ಅದಕ್ಕೇ ಡಬ್ಬಿಯ ಮೇಲೆ ಬರೆದ ವರ್ಷಗಳ ಲೆಕ್ಕ ನೆಲಕ್ಕೂ ರೇಲಿಂಗ್‌ಗೂ ಬೇರೆ ಬೇರೆ ಇರುತ್ತದೆ. ದೊಡ್ಡ ಸಂಖ್ಯೆ ನೋಡಿ ಸಂತೋಷಪಡುವ ಮೊದಲು ಅದು ಯಾವುದರದ್ದು ಅಂತ ನೋಡಿ.

ಈಗ ಇರುವುದು ಯಾವ ಸ್ಟೇನ್?

ಹೊಸ ಡಬ್ಬಿ ಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು. ಹಳೇ ಮನೆ ಕೊಂಡವರಿಗೆ ಹಿಂದಿನವರು ಏನು ಹಚ್ಚಿದ್ದರೋ ಗೊತ್ತಿರುವುದಿಲ್ಲ. ಆದರೂ ಕಂಡುಹಿಡಿಯಬಹುದು.

ಸ್ಟೇನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಮರದೊಳಗೆ ಇಳಿಯುವಂಥದ್ದು. ಇನ್ನೊಂದು ಮರದ ಮೇಲೆ ಪದರವಾಗಿ ಕೂರುವಂಥದ್ದು. ಹಲಗೆಯ ಗೆರೆ, ಗಂಟುಗಳು ಚೆನ್ನಾಗಿ ಕಾಣುತ್ತಾ, ಬಣ್ಣ ಮಾತ್ರ ಸವೆದು ಮಂಕಾಗಿದ್ದರೆ ಅದು ಒಳಗೆ ಇಳಿದ ಸ್ಟೇನ್. ಮರದ ಗೆರೆ ಕಾಣದೆ ಪೇಂಟ್ ಥರ ಮುಚ್ಚಿಕೊಂಡಿದ್ದು, ಅಲ್ಲಲ್ಲಿ ಚಕ್ಕೆ ಎದ್ದಿದ್ದರೆ ಅದು ಸಾಲಿಡ್ ಸ್ಟೇನ್. ಅನುಮಾನ ಇದ್ದರೆ ಒಂದು ನಾಣ್ಯದ ಅಂಚಿನಿಂದ ಮೂಲೆಯಲ್ಲಿ ಕೆರೆಯಿರಿ. ಸಿಪ್ಪೆಯಂತೆ ಎದ್ದು ಬಂದರೆ ಅಲ್ಲಿ ಪದರ ಇದೆ ಅಂತಾಯಿತು.

ಇದು ಯಾಕೆ ಮುಖ್ಯ? ಒಳಗೆ ಇಳಿಯುವ ಸ್ಟೇನ್ ಸವೆದರೆ ತೊಳೆದು, ಒಣಗಿಸಿ, ಮತ್ತೆ ಹಚ್ಚಿದರೆ ಮುಗಿಯಿತು. ಪದರದ ಸ್ಟೇನ್ ಕೆಟ್ಟರೆ ಹಳೆಯದನ್ನು ಕೆರೆದೋ, ಹಳೇ ಲೇಪವನ್ನು ಕರಗಿಸುವ ಸ್ಟ್ರಿಪ್ಪರ್ ಹಾಕಿಯೋ ತೆಗೆಯಬೇಕು. ಒಂದು ವಾರಾಂತ್ಯದ ಕೆಲಸ ಮೂರಾಗುತ್ತದೆ. ಪದರದ ಮೇಲೆ ಒಳಗೆ ಇಳಿಯುವ ಸ್ಟೇನ್ ಹಚ್ಚಿದರಂತೂ ಅದಕ್ಕೆ ಇಳಿಯಲು ದಾರಿಯೇ ಇರುವುದಿಲ್ಲ. ಮೇಲೇ ಅಂಟಾಗಿ ಉಳಿದುಬಿಡುತ್ತದೆ. ಹಾಗಾಗಿ ನಿಮ್ಮದು ಸಾಲಿಡ್ ಸ್ಟೇನ್ ಆಗಿದ್ದು, ಗಟ್ಟಿಯಾಗಿ ಕೂತಿದ್ದರೆ, ಎದ್ದ ಕಡೆ ಮಾತ್ರ ಕೆರೆದು ಮತ್ತೆ ಸಾಲಿಡ್ ಸ್ಟೇನನ್ನೇ ಹಚ್ಚುವುದು ಸುಲಭದ ದಾರಿ.

ಎರಡನೇ ಪರೀಕ್ಷೆ ನೀರಿನದು. ಒಣ ಹಲಗೆಯ ಮೇಲೆ ಒಂದೆರಡು ಚಮಚ ನೀರು ಚಿಮುಕಿಸಿ ನೋಡಿ. ಮುತ್ತಿನಂತೆ ಹನಿಹನಿಯಾಗಿ ನಿಂತರೆ ಸ್ಟೇನ್ ಇನ್ನೂ ಕೆಲಸ ಮಾಡುತ್ತಿದೆ. ಈ ವರ್ಷ ಸುಮ್ನೆ ತೊಳೆದು ಬಿಡಿ, ಸಾಕು. ಹತ್ತು ನಿಮಿಷದೊಳಗೆ ಹೀರಿಕೊಂಡು ಅಲ್ಲಿ ಕಪ್ಪು ಕಲೆ ಬಿದ್ದರೆ ಹಚ್ಚುವ ಕಾಲ ಬಂದಿದೆ. ಒಂದೇ ಜಾಗದಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಬಾಗಿಲ ಮುಂದೆ, ಮೆಟ್ಟಿಲ ಹತ್ತಿರ, ದಕ್ಷಿಣದ ಬಿಸಿಲು ಬೀಳುವ ಕಡೆ, ಕುರ್ಚಿಗಳ ಕೆಳಗೆ, ಹೀಗೆ ನಾಲ್ಕಾರು ಕಡೆ ಹಾಕಿ. ಬಾಗಿಲ ಮುಂದಿನದೇ ಮೊದಲು ಸೋಲುವುದು.

ನೆಲಕ್ಕೆ ಹಚ್ಚಿದ ಸೆಮಿ ಟ್ರಾನ್ಸ್‌ಪರೆಂಟ್, ಅಂದರೆ ಬಣ್ಣವಿದ್ದೂ ಮರದ ಗೆರೆ ಕಾಣುವ ಸ್ಟೇನ್ ಸಾಮಾನ್ಯವಾಗಿ 2ರಿಂದ 3 ವರ್ಷ ಬರುತ್ತದೆ. ಆದರೆ ಕ್ಯಾಲೆಂಡರ್ ನೋಡಿ ಹಚ್ಚುವುದಕ್ಕಿಂತ ಈ ನೀರಿನ ಪರೀಕ್ಷೆ ನೋಡಿ ಹಚ್ಚುವುದೇ ಸರಿ. ಇನ್ನೂ ಹನಿ ನಿಲ್ಲುತ್ತಿರುವಾಗ ಹೊಸ ಕೋಟ್ ಕೊಟ್ಟರೆ ಅದು ಒಳಗೆ ಇಳಿಯುವುದಿಲ್ಲ.

2004ಕ್ಕಿಂತ ಹಳೆಯ ಡೆಕ್ ಇದ್ದವರಿಗೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಅಮೆರಿಕದಲ್ಲಿ ಡೆಕ್‌ಗೆ ಬಳಸುವ ಪ್ರೆಷರ್ ಟ್ರೀಟೆಡ್, ಅಂದರೆ ಕೊಳೆಯದಂತೆ ಒತ್ತಡ ಹಾಕಿ ರಾಸಾಯನಿಕ ತುಂಬಿದ ಪೈನ್ ಮರಕ್ಕೆ ಮೊದಲು ಸಿಸಿಎ ಎಂಬುದನ್ನು ತುಂಬುತ್ತಿದ್ದರು. ಅದರಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇತ್ತು. ಮನೆ ಬಳಕೆಯ ಮರಕ್ಕೆ ಇದನ್ನು ತುಂಬುವುದು 2003ರ ಕೊನೆಗೆ ನಿಂತಿತು. ಈಗ ತಾಮ್ರವನ್ನೇ ಮುಖ್ಯವಾಗಿಟ್ಟುಕೊಂಡ ಬೇರೆ ಮಿಶ್ರಣಗಳು ಬಂದಿವೆ.

ನಿಮ್ಮ ಡೆಕ್ ಅದಕ್ಕಿಂತ ಹಳೆಯದಾದರೆ ಸ್ಯಾಂಡಿಂಗ್ ಮಾಡಲು, ಅಂದರೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಲು ಹೋಗಬೇಡಿ. ಆ ಪುಡಿ ಉಸಿರಿಗೂ ಮಣ್ಣಿಗೂ ಒಳ್ಳೆಯದಲ್ಲ. ಯಂತ್ರದಿಂದ ಜೋರಾಗಿ ನೀರು ಹೊಡೆದು ಪ್ರೆಷರ್ ವಾಷ್ ಮಾಡುವುದೂ ಬೇಡ. ಕಿತ್ತ ಹಲಗೆಯನ್ನು ಯಾವ ಕಾರಣಕ್ಕೂ ಸುಡಬೇಡಿ. ಮೆತ್ತಗೆ ತೊಳೆದು, ಒಳಗೆ ಇಳಿಯುವ ಸ್ಟೇನನ್ನು ತಪ್ಪದೆ ಹಚ್ಚುತ್ತಾ ಇದ್ದರೆ ಒಳಗಿನದು ಹೊರಗೆ ಬರುವುದು ಕಡಿಮೆಯಾಗುತ್ತದೆ. ಆ ನೆಲದ ಮೇಲೆ ಸಂಡಿಗೆ ಇಡುವವರು ಕೆಳಗೆ ಮೇಜು ಹಾಕಿಕೊಳ್ಳಿ. ಮಕ್ಕಳು ಆಡಿ ಬಂದ ಮೇಲೆ ಕೈ ತೊಳೆಸಿ.

ಯಾವ ತಿಂಗಳು ಒಳ್ಳೆಯದು

ಬಹುತೇಕ ಸ್ಟೇನ್‌ಗಳಿಗೆ 10ರಿಂದ 32 ಡಿಗ್ರಿ ಸೆಲ್ಸಿಯಸ್, ಅಂದರೆ 50ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಒಳಗಿನ ಹವೆ ಬೇಕು. ಬರೀ ಹಚ್ಚುವ ಹೊತ್ತಿಗಲ್ಲ, ರಾತ್ರಿಯೂ ಅಷ್ಟೇ ಇರಬೇಕು. ಹಚ್ಚಿದ ಮೇಲೆ 24ರಿಂದ 48 ಗಂಟೆ ಮಳೆ ಬರಬಾರದು. ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದೇ ಕೊನೆಯ ಮಾತು.

ನ್ಯೂಜೆರ್ಸಿ, ಷಿಕಾಗೊ, ಟೊರೊಂಟೊ ಕಡೆಯವರಿಗೆ ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ವಸಂತದಲ್ಲಿ ಅವಸರ ಮಾಡಬೇಡಿ. ಓಕ್, ಪೈನ್ ಮರಗಳ ಹಳದಿ ಪರಾಗ ಉದುರುವುದು ಮುಗಿಯಲಿ. ಇಲ್ಲದಿದ್ದರೆ ಹಸಿ ಸ್ಟೇನ್ ಮೇಲೆ ಅದು ಕೂತು ಹಾಗೇ ಅಂಟಿಕೊಳ್ಳುತ್ತದೆ. ಡಲ್ಲಾಸ್, ಫೀನಿಕ್ಸ್ ಕಡೆ ಬೇಸಿಗೆಯಲ್ಲಿ ಹಲಗೆ ಕಾದಿರುತ್ತದೆ, ಸ್ಟೇನ್ ಇಳಿಯುವ ಮೊದಲೇ ಒಣಗಿಬಿಡುತ್ತದೆ. ಅಲ್ಲಿ ಮಾರ್ಚ್–ಏಪ್ರಿಲ್ ಅಥವಾ ಅಕ್ಟೋಬರ್ ನಂತರ ಇಟ್ಟುಕೊಳ್ಳಿ.

ಹೊಸದಾಗಿ ಕಟ್ಟಿಸಿದ ಡೆಕ್‌ಗೆ ಮಾತ್ರ ಲೆಕ್ಕ ಬೇರೆ. ಟ್ರೀಟೆಡ್ ಪೈನ್ ಅಂಗಡಿಯಿಂದ ಬರುವಾಗಲೇ ಒಳಗೆಲ್ಲ ಒದ್ದೆ ಇರುತ್ತದೆ. ಒಣಗಲು ವಾರಗಳಿಂದ ತಿಂಗಳುಗಳೇ ಬೇಕಾಗಬಹುದು. ಟ್ರೀಟ್ ಮಾಡಿದ ಮೇಲೆ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದ ಮರವಾದರೆ ಅಷ್ಟು ಕಾಯಬೇಕಿಲ್ಲ. ಇಲ್ಲೂ ನೀರಿನ ಪರೀಕ್ಷೆಯೇ ದಾರಿ: ನೀರನ್ನು ಹೀರಿಕೊಂಡರೆ ಸ್ಟೇನನ್ನೂ ಹೀರಿಕೊಳ್ಳುತ್ತದೆ. ಹಾಗಂತ ವರ್ಷಗಟ್ಟಲೆ ಬರಿ ಮೈಯಲ್ಲಿ ಬಿಡಬೇಡಿ, ಬಿಸಿಲು ತನ್ನ ಕೆಲಸ ಮೊದಲ ದಿನದಿಂದಲೇ ಶುರು ಮಾಡಿರುತ್ತದೆ.

ಮೊದಲು ರಿಪೇರಿ

ಒಂದು ಸ್ಕ್ರೂಡ್ರೈವರ್ ಹಿಡಿದು ಡೆಕ್ ಪೂರ್ತಿ ಒಂದು ಸುತ್ತು ಬನ್ನಿ. ಕಪ್ಪಾದ ಕಡೆ, ಕಂಬದ ಬುಡದಲ್ಲಿ, ಮೆಟ್ಟಿಲ ಪಕ್ಕದ ಹಲಗೆಯಲ್ಲಿ, ಮನೆ ಗೋಡೆಗೆ ಬಿಗಿದಿರುವ ಲೆಡ್ಜರ್ ಬೋರ್ಡ್‌ನಲ್ಲಿ ತುದಿಯಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಅಲ್ಲಿ ಮರ ಕೊಳೆತಿದೆ. ನೆಲದ ಹಲಗೆಯಾದರೆ ನೀವೇ ಬದಲಾಯಿಸಬಹುದು. ಲೆಡ್ಜರ್ ಅಥವಾ ಕೆಳಗಿನ ತೊಲೆ ಕೊಳೆತಿದ್ದರೆ ಸ್ಟೇನ್ ವಿಷಯ ಬದಿಗಿಟ್ಟು ಕೆಲಸ ಬಲ್ಲವರನ್ನು ಕರೆಸಿ. ಡೆಕ್‌ಗಳು ಜನರ ಸಮೇತ ಕುಸಿಯುವುದು ಬಹಳ ಸಲ ಅಲ್ಲೇ, ಗೋಡೆಯಿಂದ ಕಳಚಿಕೊಂಡೇ.

ಮೇಲೆದ್ದ ಮೊಳೆಗಳನ್ನು ಮತ್ತೆ ಹೊಡೆದರೆ ಮುಂದಿನ ವರ್ಷ ಮತ್ತೆ ಏಳುತ್ತವೆ. ಕಿತ್ತು, ಡೆಕ್‌ಗೆಂದೇ ಬರುವ ಸ್ಕ್ರೂ ಹಾಕಿ. ತಾಮ್ರ ತುಂಬಿದ ಮರಕ್ಕೆ ಸಾದಾ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಅದಕ್ಕೆ ಗ್ಯಾಲ್ವನೈಸ್ ಮಾಡಿದ್ದು, ಸ್ಟೇನ್‌ಲೆಸ್ ಸ್ಟೀಲಿನದು ಅಥವಾ ಟ್ರೀಟೆಡ್ ಮರಕ್ಕೆ ಅಂತ ಬರೆದಿರುವಂಥದ್ದೇ ಬೇಕು. ಹಲಗೆಗಳ ಸಂದಿನಲ್ಲಿ ಸೇರಿಕೊಂಡ ಎಲೆ, ಮಣ್ಣು, ಕಾಳುಗಳನ್ನು ಪುಟ್ಟಿ ಚಾಕುವಿನಿಂದ ಎಬ್ಬಿಸಿ ತೆಗೆಯಿರಿ. ಬೇಜಾರಿನ ಕೆಲಸವೇ, ಆದರೂ ಬಿಡಬೇಡಿ. ಆ ಕಸ ನೀರು ಹಿಡಿದಿಟ್ಟುಕೊಂಡು ತೊಲೆಯ ತಲೆಯನ್ನೇ ಕೊಳೆಸುತ್ತದೆ.

ತೊಳೆಯುವುದು

ಸಾಮಾನುಗಳನ್ನೆಲ್ಲ ಕೆಳಗಿಳಿಸಿ, ಗುಡಿಸಿ, ಪಕ್ಕದ ಗಿಡಗಳಿಗೆ ಧಾರಾಳವಾಗಿ ನೀರು ಹೊಡೆಯಿರಿ. ಬೇರು, ಎಲೆ ಮೊದಲೇ ನೀರು ಕುಡಿದಿದ್ದರೆ ಕ್ಲೀನರ್‌ನಿಂದ ತೊಂದರೆ ಕಡಿಮೆ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೀರು ಹಾಯಿಸಿ.

ಕ್ಲೀನರ್‌ಗೆ ಆಕ್ಸಿಜನ್ ಬ್ಲೀಚ್ ಒಳ್ಳೆಯದು. ಅದರ ಮುಖ್ಯ ಪದಾರ್ಥ ಸೋಡಿಯಂ ಪರ್‌ಕಾರ್ಬೊನೇಟ್, ಬಿಳಿ ಪುಡಿ. ಬಿಸಿನೀರಿಗೆ ಹಾಕಿದ ಕೂಡಲೇ ಗುಳ್ಳೆ ಏಳುತ್ತದೆ. ಮುಚ್ಚಿದ ಬಾಟಲಿಯಲ್ಲಿ ಕಲಸಿಡಬೇಡಿ, ಒಳಗೆ ಅನಿಲ ತುಂಬಿ ಒಡೆಯಬಹುದು. ಬಕೆಟ್‌ನಲ್ಲಿ ಬೇಕಾದಷ್ಟೇ ಕಲಸಿ, ಹಲಗೆ ಒದ್ದೆ ಮಾಡಿ, ಮೇಲೆ ಸುರಿದು 10ರಿಂದ 15 ನಿಮಿಷ ಬಿಡಿ. ನಡುವೆ ಒಣಗಲು ಬಿಡದೆ ನೀರು ಚಿಮುಕಿಸುತ್ತಿರಿ. ಆಮೇಲೆ ಉದ್ದ ಹಿಡಿಯ ಗಟ್ಟಿ ಬ್ರಷ್‌ನಿಂದ ಮರದ ಗೆರೆಯ ಉದ್ದಕ್ಕೇ ತಿಕ್ಕಿ. ತಂತಿ ಬ್ರಷ್ ಬೇಡ. ಅದರ ಚೂರು ಮರದಲ್ಲಿ ಉಳಿದು ತುಕ್ಕು ಹಿಡಿದು ಕಪ್ಪು ಚುಕ್ಕೆಯಾಗುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಂಡೇ ಮಾಡಿ.

ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಹಾಕಿದರೆ ಪಾಚಿ, ಬೂಷ್ಟು ಬೇಗ ಬೆಳ್ಳಗಾಗುವುದು ನಿಜ. ಆದರೆ ಜಾಸ್ತಿ ಹಾಕಿದರೆ ಮರದ ಲಿಗ್ನಿನ್ ಅನ್ನೂ ತಿಂದು ಹಾಕುತ್ತದೆ, ಹಲಗೆ ಹತ್ತಿಯ ಹಾಗೆ ನವಿರೇಳುತ್ತದೆ. ಅದನ್ನು ಅಮೋನಿಯಾ ಇರುವ ಕ್ಲೀನರ್ ಜೊತೆಗೋ ಆಸಿಡ್ ಜೊತೆಗೋ ಯಾವತ್ತೂ ಬೆರೆಸಬೇಡಿ. ವಿಷದ ಹೊಗೆ ಬರುತ್ತದೆ.

ಪ್ರೆಷರ್ ವಾಷರ್ ಬೇಕೇ? ಇದ್ದರೆ ಅನುಕೂಲ, ಕೈ ಮೀರಿದರೆ ಅನಾಹುತ. ಪೈನ್, ಸೀಡರ್ ಎರಡೂ ಮೆತ್ತನೆಯ ಮರ. ಅಗಲ ಬಾಯಿಯ ನಾಝಲ್ ಹಾಕಿ, ಒತ್ತಡವನ್ನು ಆದಷ್ಟು ಕಡಿಮೆ ಇಟ್ಟು, 1200 ಪಿಎಸ್‌ಐ (ಒತ್ತಡದ ಅಳತೆ) ಒಳಗೇ ಇರಲಿ, ಹಲಗೆಯಿಂದ ಒಂದು ಅಡಿ ದೂರದಲ್ಲಿ ಹಿಡಿಯಿರಿ. ಒಂದೇ ಕಡೆ ನಿಲ್ಲಿಸದೆ ಉದ್ದಕ್ಕೆ ಒಂದೇ ವೇಗದಲ್ಲಿ ಸಾಗಿಸಿ. ಹತ್ತಿರ ಹಿಡಿದರೆ ಮರದ ಮೆತ್ತನೆಯ ಭಾಗ ಕೊರೆದುಹೋಗಿ ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ಅಷ್ಟು ನಂಬಿಕೆ ಇಲ್ಲದವರು ಬ್ರಷ್ ಮತ್ತು ತೋಟದ ಪೈಪಿನಲ್ಲೇ ಮುಗಿಸಿ. ನನ್ನ ಮತವೂ ಅದೇ.

ತೊಳೆದ ಮೇಲೆ ಬ್ರೈಟ್ನರ್. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕ್ಲೀನರ್ ಕ್ಷಾರ, ಅದರಿಂದ ಮರ ಸ್ವಲ್ಪ ಕಪ್ಪಾಗುತ್ತದೆ, ಸೀಡರ್, ರೆಡ್‌ವುಡ್‌ನಲ್ಲಿ ಚೆನ್ನಾಗೇ ಗೊತ್ತಾಗುತ್ತದೆ. ಆಕ್ಸಾಲಿಕ್ ಆಸಿಡ್ ಇರುವ ಬ್ರೈಟ್ನರ್ ಆ ಕ್ಷಾರವನ್ನು ಕಳೆದು ಮರದ ಬಣ್ಣ ವಾಪಸ್ ತರುತ್ತದೆ. ಮೊಳೆಯ ಸುತ್ತ ಕಾಣುವ ನೀಲಿಗಪ್ಪು ಕಲೆ ಕಬ್ಬಿಣ ಮತ್ತು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಸೇರಿ ಆಗಿದ್ದು. ಅದಕ್ಕೂ ಇದೇ ಮದ್ದು. ಹಚ್ಚಿ, ಹತ್ತು ಹದಿನೈದು ನಿಮಿಷದಲ್ಲಿ ಮರ ತಿಳಿಯಾಗುವುದು ಕಣ್ಣೆದುರೇ ಕಾಣುತ್ತದೆ. ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಆಕ್ಸಾಲಿಕ್ ಆಸಿಡ್ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ನಮ್ಮ ಮನೆಗಳ ಡೆಕ್‌ನಲ್ಲಿ ಇನ್ನೆರಡು ಕಲೆ ಖಾಯಂ. ಅರಿಶಿನದ ಕಲೆ ನೋಡಿ ಗಾಬರಿ ಬೇಡ, ಬಿಸಿಲಿಗೆ ತಾನೇ ಮಾಸುತ್ತದೆ, ಆಕ್ಸಿಜನ್ ಬ್ಲೀಚ್‌ಗೆ ಇನ್ನೂ ಬೇಗ ಹೋಗುತ್ತದೆ. ಹೊರಗೆ ಬೋಂಡ, ಬಜ್ಜಿ ಕರಿದಾಗ ಅಥವಾ ಗ್ರಿಲ್‌ನಿಂದ ಹಾರಿದ ಎಣ್ಣೆಯ ಕಲೆಯೇ ತಲೆನೋವು. ಪಾತ್ರೆ ಸೋಪು, ಬಿಸಿನೀರು ಹಾಕಿ ಒಂದೆರಡು ಸಲ ತಿಕ್ಕಿ ಜಿಡ್ಡು ತೆಗೆಯಿರಿ. ಜಿಡ್ಡು ಉಳಿದರೆ ಅಲ್ಲಿ ಸ್ಟೇನ್ ಹಿಡಿಯದೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಒಣಗಲಿ, ಆಮೇಲೆ ಸ್ಯಾಂಡ್ ಪೇಪರ್

ಕನಿಷ್ಠ 48 ಗಂಟೆ ಒಣ ಹವೆ ಸಿಗಬೇಕು. ನೆರಳಿನ ಕಡೆ, ನೆಲಕ್ಕೆ ಹತ್ತಿರವಿರುವ ಡೆಕ್‌ಗೆ ಇನ್ನೂ ಜಾಸ್ತಿ. ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ. ಎರಡು ಸೂಜಿಯ ತೇವ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಹೆಚ್ಚಿಲ್ಲ, ನನ್ನ ಪ್ರಕಾರ ಈ ಕೆಲಸಕ್ಕೆ ಕೊಳ್ಳಬೇಕಾದ ಮೊದಲ ಸಾಧನವೇ ಅದು. 15 ಶೇಕಡ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಹಚ್ಚಬಹುದು.

ಕೆಲಸಕ್ಕೆ ಜನ ಇಟ್ಟು ಮಾಡಿಸುವವರು ಮೊದಲೇ ಒಂದು ಪ್ರಶ್ನೆ ಕೇಳಿ: ತೊಳೆಯುವುದಕ್ಕೂ ಹಚ್ಚುವುದಕ್ಕೂ ನಡುವೆ ಎಷ್ಟು ದಿನ ಬಿಡುತ್ತೀರಿ? ಬೆಳಿಗ್ಗೆ ತೊಳೆದು ಸಂಜೆ ಹಚ್ಚಿ ಹೋಗುತ್ತೇವೆ ಅನ್ನುವವರಿಗೆ ಕೆಲಸ ಕೊಡಬೇಡಿ.

ಒಣಗಿದ ಮೇಲೆ ನಾರು ಎದ್ದ ಕಡೆ, ಸೀಳು ಚುಚ್ಚುವ ಕಡೆ 60 ಅಥವಾ 80 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಕುರ್ಚಿ, ಮೇಜಿಗೆ ಮಾಡುವ ಹಾಗೆ ನಯ ಮಾಡಲು ಹೋಗಬೇಡಿ. 120, 150ರಲ್ಲಿ ಉಜ್ಜಿದರೆ ಮರದ ರಂಧ್ರ ಮುಚ್ಚಿಕೊಂಡು ಸ್ಟೇನ್ ಇಳಿಯುವುದಿಲ್ಲ. ಮಾಸ್ಕ್ ಇರಲಿ. ಮುಗಿದ ಮೇಲೆ ಪುಡಿಯನ್ನು ಬ್ಲೋಯರ್‌ನಿಂದ ಊದಿ ತೆಗೆಯಿರಿ.

ಯಾವುದನ್ನು ಕೊಳ್ಳುವುದು

ಮರ ಚೆನ್ನಾಗಿದ್ದರೆ ನಾನು ಹೇಳುವುದು ಒಳಗೆ ಇಳಿಯುವ ಸೆಮಿ ಟ್ರಾನ್ಸ್‌ಪರೆಂಟ್ ಸ್ಟೇನ್. ಮರದ ಅಂದವೂ ಕಾಣುತ್ತದೆ, ಬಿಸಿಲಿಗೆ ತಡೆಯಲು ಬಣ್ಣವೂ ಇರುತ್ತದೆ, ಮುಂದಿನ ಸಲ ಕೆರೆಯುವ ಕೆಲಸವೂ ಇಲ್ಲ. ಹಲಗೆ ತೀರಾ ಹಳೆಯದಾಗಿ, ತೇಪೆ ಹಾಕಿ, ಬಣ್ಣ ಬಣ್ಣವಾಗಿದ್ದರೆ ಮಾತ್ರ ಸಾಲಿಡ್ ಸ್ಟೇನ್‌ಗೆ ಹೋಗಿ. ಸೀಳು ಮುಚ್ಚುತ್ತದೆ ಅಂತ ಹೇಳಿ ಮಾರುವ ದಪ್ಪ ಕೋಟಿಂಗ್‌ಗಳ ಸಹವಾಸ ಬೇಡ. ಅವು ಒಂದು ಕಡೆ ಎದ್ದರೆ ಸಾಕು, ನೀರು ಒಳಗೆ ಹೋಗಿ ಹೊರಬರಲಾರದೆ ಅಡಿಯಲ್ಲೇ ಮರ ಕೊಳೆಯುತ್ತದೆ.

ಎಣ್ಣೆಯದೋ ನೀರಿನದೋ? ಎಣ್ಣೆಯದು ಚೆನ್ನಾಗಿ ಇಳಿಯುತ್ತದೆ, ಹಚ್ಚಲು ಸಮಯ ಕೊಡುತ್ತದೆ. ನೀರಿನದು ಬೇಗ ಒಣಗುತ್ತದೆ, ವಾಸನೆ ಕಡಿಮೆ, ಬ್ರಷ್ ಸೋಪಿನಲ್ಲೇ ತೊಳೆಯಬಹುದು. ಕ್ಯಾಲಿಫೋರ್ನಿಯಾದಂಥ ಕಡೆ ಗಾಳಿ ಮಾಲಿನ್ಯದ ನಿಯಮ ಬಿಗಿ, ಹಾಗಾಗಿ ಬೇರೆ ರಾಜ್ಯದಲ್ಲಿರುವ ಗೆಳೆಯರು ಹೇಳಿದ ಎಣ್ಣೆ ಸ್ಟೇನ್ ಅಲ್ಲಿ ಸಿಗದೇ ಇರಬಹುದು.

ಬಣ್ಣದ ಚೀಟಿ ನೋಡಿ ಆರಿಸಬೇಡಿ. ಟ್ರೀಟೆಡ್ ಪೈನ್‌ನಲ್ಲಿ ತಾಮ್ರದ ಹಸಿರು ಛಾಯೆ ಇರುತ್ತದೆ, ಸೀಡರ್ ಕೆಂಚಗಿರುತ್ತದೆ. ಒಂದೇ ಡಬ್ಬಿ ಎರಡರ ಮೇಲೂ ಬೇರೆ ಬೇರೆ ಕಾಣುತ್ತದೆ. ಸಣ್ಣ ಸ್ಯಾಂಪಲ್ ತಂದು ಮೆಟ್ಟಿಲ ಮರೆಯಲ್ಲಿ ಹಚ್ಚಿ, ಒಣಗಿದ ಮೇಲೆ ನೋಡಿ. ಕಡು ಬಣ್ಣ ಜುಲೈ ಬಿಸಿಲಿನಲ್ಲಿ ಬರಿಗಾಲಿಗೆ ಸುಡುತ್ತದೆ ಅನ್ನುವುದೂ ನೆನಪಿರಲಿ.

ಎಷ್ಟು ಬೇಕು ಅಂತ ಲೆಕ್ಕ ಹೀಗೆ. 12 ಅಡಿಗೆ 16 ಅಡಿಯ ಡೆಕ್ ಅಂದರೆ 192 ಚದರ ಅಡಿ. ಹಳೆಯ, ಹೀರುವ ಮರಕ್ಕೆ ಒಂದು ಗ್ಯಾಲನ್ ಸುಮಾರು 150 ಚದರ ಅಡಿಗೆ ಬರುತ್ತದೆ ಅಂತಿಟ್ಟುಕೊಳ್ಳಿ. ನೆಲಕ್ಕೇ ಒಂದೂಕಾಲು ಗ್ಯಾಲನ್ ದಾಟುತ್ತದೆ. ರೇಲಿಂಗ್, ಮೆಟ್ಟಿಲು ಸೇರಿದರೆ ಎರಡು ಗ್ಯಾಲನ್ ತಂದಿಟ್ಟುಕೊಳ್ಳುವುದು ಕ್ಷೇಮ.

ಹಚ್ಚುವ ದಿನ

ಬೆಳಗಿನ ಇಬ್ಬನಿ ಆರಲಿ. ಸ್ಪ್ರಿಂಕ್ಲರ್ ಟೈಮರ್ ಆಫ್ ಮಾಡಿ, ಇದನ್ನು ಮರೆಯುವವರೇ ಜಾಸ್ತಿ. ಗೋಡೆಯ ಅಂಚಿಗೆ ಟೇಪ್, ಗಿಡಗಳ ಮೇಲೆ ಹಳೇ ಬೆಡ್‌ಶೀಟ್ ಹಾಕಿ. ಎರಡು ಡಬ್ಬಿಗಳಿದ್ದರೆ ಎರಡನ್ನೂ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕಲಸಿ. ಒಂದೇ ನಂಬರಿನ ಬಣ್ಣವಾದರೂ ಡಬ್ಬಿಯಿಂದ ಡಬ್ಬಿಗೆ ಚೂರು ವ್ಯತ್ಯಾಸ ಇರುತ್ತದೆ. ಬಣ್ಣದ ಪುಡಿ ತಳಕ್ಕೆ ಕೂರುತ್ತದೆ, ಆದ್ದರಿಂದ ಶುರುವಿನಲ್ಲಿ ಮಾತ್ರವಲ್ಲ, ನಡುನಡುವೆಯೂ ಕೋಲಿನಿಂದ ತಿರುವುತ್ತಿರಿ. ಡಬ್ಬಿ ಕುಲುಕಬೇಡಿ, ನೊರೆ ಬರುತ್ತದೆ.

ಮೊದಲು ರೇಲಿಂಗ್, ಆಮೇಲೆ ನೆಲ, ಕೊನೆಗೆ ಮೆಟ್ಟಿಲು. ನೆಲದಲ್ಲಿ ಒಮ್ಮೆಗೆ ಎರಡು ಅಥವಾ ಮೂರು ಹಲಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಮುಗಿಸಿ ಮುಂದಿನದಕ್ಕೆ ಹೋಗಿ. ಹಲಗೆಯ ಮಧ್ಯದಲ್ಲಿ ನಿಲ್ಲಿಸಿದರೆ ಆ ಅಂಚು ಒಣಗಿ, ಮೇಲೆ ಮತ್ತೆ ಹಚ್ಚಿದಾಗ ಅಲ್ಲೊಂದು ಕಪ್ಪು ಪಟ್ಟೆ ಉಳಿಯುತ್ತದೆ. ಫೋನ್ ಬಂದರೂ ಹಲಗೆ ಮುಗಿಸಿಯೇ ಎತ್ತಿ. ಎಲ್ಲಿಂದ ಶುರು ಮಾಡಿ ಎಲ್ಲಿ ಇಳಿಯುತ್ತೀರಿ ಅಂತಲೂ ಮೊದಲೇ ಯೋಚಿಸಿಕೊಳ್ಳಿ. ನೇರ ಬಿಸಿಲಿನಲ್ಲಿ ಬೇಡ, ನೆರಳು ಸರಿದಂತೆ ನೀವೂ ಸರಿಯಿರಿ.

ರೋಲರ್ ಅಥವಾ ಸ್ಪ್ರೇಯರ್‌ನಿಂದ ಹಾಕಿದರೆ ಕೆಲಸ ಬೇಗ. ಆದರೆ ಹಿಂದೆಯೇ ಬ್ರಷ್ ಎಳೆಯಲೇಬೇಕು. ಬ್ರಷ್‌ನ ಎಳೆಗಳು ಸ್ಟೇನನ್ನು ಸೀಳಿನೊಳಗೆ, ಸಂದಿನೊಳಗೆ ತಳ್ಳುತ್ತವೆ. ರೋಲರ್ ಅಷ್ಟು ಮಾಡುವುದಿಲ್ಲ.

ಹಲಗೆಯ ಕೊಯ್ದ ತುದಿಗಳನ್ನು ಹತ್ತಿರದಿಂದ ಒಮ್ಮೆ ನೋಡಿ. ಮರ ಬದುಕಿದ್ದಾಗ ನೀರು ಏರುತ್ತಿದ್ದ ನಾಳಗಳ ಬಾಯಿಗಳು ಅಲ್ಲಿ ತೆರೆದೇ ಇರುತ್ತವೆ. ಹಲಗೆಯ ಮುಖಕ್ಕಿಂತ ಅಲ್ಲಿ ನೀರು ಎಷ್ಟೋ ಪಾಲು ವೇಗವಾಗಿ ಒಳಗೆ ಹೋಗುತ್ತದೆ. ಕೊಳೆಯುವುದು ತುದಿಯಿಂದಲೇ ಶುರುವಾಗುವುದು ಅದಕ್ಕೇ. ತುಂಬಿದ ಬ್ರಷ್‌ನಿಂದ ಒತ್ತಿ ಹಚ್ಚಿ, ಕುಡಿದ ಕೂಡಲೇ ಇನ್ನೊಮ್ಮೆ ಹಚ್ಚಿ, ಸಾಕು ಅನ್ನುವವರೆಗೆ ಕುಡಿಸಿ. ಇಡೀ ಡೆಕ್‌ನಲ್ಲಿ ಧಾರಾಳವಾಗಿ ಹಚ್ಚಬೇಕಾದ ಜಾಗ ಇದೊಂದೇ.

ಉಳಿದ ಕಡೆ ತೆಳ್ಳಗೆ. ಹಚ್ಚಿ 15–20 ನಿಮಿಷ ಆದ ಮೇಲೆ ಬಗ್ಗಿ, ಬೆಳಕಿಗೆ ಅಡ್ಡವಾಗಿ ನೋಡಿ. ಎಣ್ಣೆ ಸ್ಟೇನ್ ಆದರೆ ಹೊಳೆಯುತ್ತಿರುವ ಜಾಗದಲ್ಲಿ ಮರ ಕುಡಿದು ಮಿಕ್ಕಿದ್ದು ನಿಂತಿದೆ ಅಂತ ಅರ್ಥ. ಹಳೇ ಕಾಟನ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಿಟ್ಟರೆ ವಾರ ಕಳೆದರೂ ಅಂಟುತ್ತದೆ, ಧೂಳು ಕೂರುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ಡಬ್ಬಿಯಲ್ಲಿ ಮಿಕ್ಕಿದೆಯಲ್ಲ ಅಂತ ಎರಡನೇ ಕೋಟ್ ಕೊಡಬೇಡಿ. ಡಬ್ಬಿಯ ಮೇಲೆ ಎರಡು ಕೋಟ್ ಅಂತ ಇದ್ದರೆ ಮಾತ್ರ, ಅಲ್ಲಿ ಹೇಳಿದಷ್ಟು ಹೊತ್ತಿನ ಒಳಗೆ ಕೊಡಿ.

ನಡೆದಾಡಲು 24 ಗಂಟೆ, ಕುರ್ಚಿ, ಮೇಜು ಇಡಲು ಎರಡು ಮೂರು ದಿನ ಬಿಡಿ.

ಎಣ್ಣೆ ಬಟ್ಟೆ ಮನೆ ಸುಡಬಲ್ಲದು

ಈ ಭಾಗವನ್ನು ದಯವಿಟ್ಟು ಓದದೆ ದಾಟಬೇಡಿ. ಎಣ್ಣೆ ಸ್ಟೇನ್‌ಗಳಲ್ಲಿ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಇರುತ್ತದೆ. ಅದು ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಆಗ ಬಿಸಿ ಹುಟ್ಟುತ್ತದೆ. ಹಲಗೆಯ ಮೇಲಾದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಏರುತ್ತಾ ಹೋಗಿ ಕೆಲವು ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಿಲ್ಲ, ಬೆಂಕಿಕಡ್ಡಿ ಬೇಕಿಲ್ಲ. ಗ್ಯಾರೇಜಿನ ಕಸದ ಬುಟ್ಟಿಯಲ್ಲಿ ರಾತ್ರಿ ಹೊತ್ತಿಕೊಂಡು ಮನೆಗಳು ಸುಟ್ಟಿರುವುದು ನಿಜ.

ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಮನೆಯಿಂದ ದೂರ, ಕಾಂಕ್ರೀಟ್ ನೆಲದ ಮೇಲೆ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ. ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ. ಆಮೇಲೆ ನಿಮ್ಮ ಕೌಂಟಿಯ ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ ಕೊಡಿ. ಸ್ಟೇನ್ ಮೆತ್ತಿದ ಸ್ಯಾಂಡ್ ಪೇಪರ್, ರೋಲರ್ ಬಟ್ಟೆಗೂ ಇದೇ ನಿಯಮ.

ವರ್ಷದ ಆರೈಕೆ

ಹಚ್ಚಿದ ಸ್ಟೇನ್ ಎಷ್ಟು ವರ್ಷ ಬರುತ್ತದೆ ಅನ್ನುವುದು ಅರ್ಧಕ್ಕರ್ಧ ಇದರ ಮೇಲೆ. ವಾರಕ್ಕೊಮ್ಮೆ ಗುಡಿಸಿ. ಶರತ್ಕಾಲದಲ್ಲಿ ಓಕ್, ಮೇಪಲ್ ಎಲೆಗಳು ಒದ್ದೆಯಾಗಿ ಬಿದ್ದಿದ್ದರೆ ಎಲೆಯ ಆಕಾರದಲ್ಲೇ ಕಲೆ ಅಚ್ಚೊತ್ತುತ್ತದೆ. ವಸಂತದಲ್ಲಿ ಒಮ್ಮೆ ಮೆತ್ತನೆಯ ಸೋಪು ನೀರಲ್ಲಿ ತೊಳೆಯಿರಿ.

ಕುಂಡಗಳ ಕೆಳಗೆ ಒಂದಿಂಚು ಎತ್ತರದ ಕಾಲು ಇಡಿ. ತುಳಸಿಗೆ ದಿನಾ ನೀರು ಹಾಕುತ್ತೇವೆ, ತಟ್ಟೆ ಇಟ್ಟರೂ ಅಡಿ ಒದ್ದೆಯೇ. ಕುಂಡ ಎತ್ತಿ ನೋಡಿದರೆ ಕಪ್ಪು ಉಂಗುರ, ಅದರೊಳಗೆ ಬೆಳ್ಳಗಿನ ಬೂಷ್ಟು. ಕಾಲು ಇಟ್ಟರೆ ಗಾಳಿ ಆಡುತ್ತದೆ, ಈ ತೊಂದರೆಯೇ ಇಲ್ಲ. ರಬ್ಬರ್ ತಳದ ಮ್ಯಾಟ್‌ಗಳೂ ನೀರು ಹಿಡಿದಿಡುತ್ತವೆ, ಕೆಳಗೆ ಗಾಳಿ ಆಡುವಂಥದ್ದನ್ನು ಹಾಕಿ. ಗ್ರಿಲ್‌ನ ಕೆಳಗೆ ಅದಕ್ಕೆಂದೇ ಬರುವ ಬೆಂಕಿ ತಡೆಯುವ ಮ್ಯಾಟ್ ಇರಲಿ.

ಹಿಮ ತೆಗೆಯಲು ಪ್ಲಾಸ್ಟಿಕ್ ಸಲಿಕೆ ಬಳಸಿ, ಹಲಗೆಯ ಉದ್ದಕ್ಕೇ ತಳ್ಳಿ. ಅಡ್ಡಡ್ಡ ತಳ್ಳಿದರೆ ಪ್ರತಿ ಹಲಗೆಯ ಅಂಚೂ ಕೆರೆದುಹೋಗುತ್ತದೆ. ಕಲ್ಲುಪ್ಪು ಸುರಿಯಬೇಡಿ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ಜಾರುವ ಮೆಟ್ಟಿಲಿಗೆ ಮರಳು ಚೆಲ್ಲಿದರೂ ಆಗುತ್ತದೆ, ವಸಂತದಲ್ಲಿ ಗುಡಿಸಿಕೊಂಡರಾಯಿತು.

ಬಾಗಿಲ ಮುಂದಿನ ನಾಲ್ಕು ಹಲಗೆ ಮಾತ್ರ ಸವೆದಿದ್ದರೆ ಅಷ್ಟನ್ನೇ ತೊಳೆದು, ಒಣಗಿಸಿ, ಅದೇ ಸ್ಟೇನ್‌ನ ತೆಳು ಕೋಟ್ ಕೊಡಿ. ಪೂರ್ತಿ ಹಲಗೆಗೇ ಹಚ್ಚಿ, ಹಲಗೆಯ ತುದಿಯಲ್ಲೇ ನಿಲ್ಲಿಸಿ. ಹೀಗೆ ಆಗಾಗ ಸ್ವಲ್ಪ ಸ್ವಲ್ಪ ಮಾಡಿಕೊಂಡು ಹೋದರೆ ಇಡೀ ಡೆಕ್ ಮಾಡುವ ದಿನ ಮುಂದಕ್ಕೆ ಹೋಗುತ್ತದೆ.

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಹೋಮ್‌ಸ್ಟೇಗಳಲ್ಲೂ ಈಗ ಮರದ ಡೆಕ್‌ಗಳು ಬಂದಿವೆ. ವಿಧಾನ ಇದೇ, ಕಾಲ ಬೇರೆ. ಮಳೆಗಾಲ ಪೂರ್ತಿ ಹಿಂದೆ ಸರಿದು ಮರ ಒಣಗಿದ ಮೇಲೆ, ಡಿಸೆಂಬರ್ ನಂತರ ಹಚ್ಚಿ. ಅಲ್ಲಿ ಮಂಜು ಹೊತ್ತು ಏರುವವರೆಗೂ ಇರುತ್ತದೆ, ಕೆಲಸ ತಡವಾಗಿ ಶುರು ಮಾಡಿ ಬೇಗ ಮುಗಿಸಿ. ಜೂನ್‌ಗೆ ಮೊದಲು ಇನ್ನೊಮ್ಮೆ ನೀರು ಹಾಕಿ ಪರೀಕ್ಷೆ ಮಾಡಿ. ಹೊಸ ತೇಗದಲ್ಲಿ ಮರದ್ದೇ ಎಣ್ಣೆ ಇರುತ್ತದೆ, ಅದು ಸ್ಟೇನನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಸಣ್ಣ ಜಾಗದಲ್ಲಿ ಹಚ್ಚಿ ನೋಡಿಯೇ ಮುಂದುವರಿಯಿರಿ.

ಮಿಕ್ಕ ಸ್ಟೇನನ್ನು ಎಸೆಯಬೇಡಿ, ಬಾಗಿಲ ಮುಂದೆ ಸವೆಯುವ ಆ ನಾಲ್ಕು ಹಲಗೆಗೆ ಅದೇ ಬೇಕಾಗುವುದು. ಚಿಕ್ಕ ಡಬ್ಬಿಗೆ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿಯಾಗಿ ಕೂರಿಸಿ, ಮೇಲೆ ಬ್ರ್ಯಾಂಡ್, ಬಣ್ಣದ ನಂಬರ್, ಹಚ್ಚಿದ ತಿಂಗಳು ಮಾರ್ಕರ್‌ನಲ್ಲಿ ಬರೆಯಿರಿ. ನೀರಿನ ಸ್ಟೇನ್ ಆದರೆ ಚಳಿಗಾಲಕ್ಕೆ ಗ್ಯಾರೇಜಿನಲ್ಲಿ ಬಿಡದೆ ಬೇಸ್‌ಮೆಂಟಿಗೆ ತಂದಿಡಿ. ಒಮ್ಮೆ ಹೆಪ್ಪುಗಟ್ಟಿ ಒಡೆದರೆ ಎಷ್ಟು ಕಲಸಿದರೂ ಅದು ಮತ್ತೆ ಸರಿಹೋಗುವುದಿಲ್ಲ.